ಬನಹಟ್ಟಿಗೆ ಭೂಗೋಳ, ರಬಕವಿಗೆ ಬೀಗ

ಶಾಲಾ ಮಂಡಳಿಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ನಾನು ರಬಕವಿಯ ಗುರುಬಾಯಿ. ದಿವಂಗತ ಮಲಕಾಜಪ್ಪನವರ ಹೆಂಡತಿ, ಮೂವರು ಗಂಡುಮಕ್ಕಳ ತಾಯಿ, ಆರು ಮಗ್ಗಗಳ ಮನೆಯ ಯಜಮಾನಿ. ನಮ್ಮ ಓಣಿಯಲ್ಲಿ ಮಗ್ಗಕ್ಕೆ ಹೊಸ ಹಾಸು ಹೂಡುವ ಮೊದಲು ನನ್ನನ್ನು ಕೇಳುತ್ತಾರೆ. ಹೆಣ್ಣು ನೋಡಲು ಹೋಗುವ ಮೊದಲೂ ಕೇಳುತ್ತಾರೆ. ಜಮಖಂಡಿಯ ಹೈಸ್ಕೂಲಿನಲ್ಲಿ ಬಾಕಿನ ಮೇಲೆ ಕುಳಿತು ಕಲಿತವಳು ನಾನು. ಹುಡುಗಿಯೊಬ್ಬಳು ಅಲ್ಲಿಯ ಬಾಗಿಲು ದಾಟಿದರೆ ಕಟ್ಟೆಯ ಮೇಲಿನ ಹಿರಿಯರು ಎದ್ದು ನಿಂತು ನೋಡುತ್ತಿದ್ದ ಕಾಲ ಅದು. ಇದನ್ನೆಲ್ಲ ಬಡಾಯಿಗಾಗಿ ಬರೆಯುತ್ತಿಲ್ಲ. ನೀವು ನಮ್ಮೂರ ಹೆಣ್ಣುಮಕ್ಕಳ ಶಾಲೆಯನ್ನು ಮುಚ್ಚಿ ಬನಹಟ್ಟಿಯ ಶಾಲೆಯಲ್ಲಿ ಕೂಡಿಸಿದ್ದೀರಿ. ಅದನ್ನು ಕೇಳಲು ಬಂದವಳು ಯಾರು ಎಂದು ನಿಮ್ಮ ಕಾರಕೂನರು ವಿಚಾರಿಸುವ ಶ್ರಮ ಉಳಿಯಲಿ ಎಂದು ಬರೆದೆ. ಶ್ರಮ ಉಳಿದರೆ ಖರ್ಚು ಉಳಿಯುತ್ತದೆ. ಈಗ ನಿಮಗೆ ಬೇಕಾದದ್ದು ಅದೇ ತಾನೇ?

ಮಂಡಳಿಯ ಖರ್ಚು ಕೈಮೀರಿದೆ, ಅದನ್ನು ಕಡಿಮೆ ಮಾಡುವ ದಾರಿಗಳನ್ನು ಸಾರ್ವಜನಿಕರು ತಿಳಿಸಬೇಕು ಎಂದು ನಾನು ಈ ಬಹಿರಂಗ ಪತ್ರ ಬರೆಯುತ್ತಿರುವ ಇದೇ ವಾರಪತ್ರಿಕೆಯಲ್ಲಿ ನೀವು ಪ್ರಕಟಣೆ ಕೊಟ್ಟಿದ್ದೀರಿ. ಸಂತೋಷ. ಆದರೆ ಪ್ರಕಟಣೆ ನಮ್ಮ ಕೈ ಸೇರುವ ಮೊದಲೇ ಬೀಗ ನಮ್ಮ ಶಾಲೆಯ ಬಾಗಿಲು ಸೇರಿತ್ತು. ಎಲ್ಲರಿಗೂ ಬಡಿಸಿ ಕೈತೊಳೆದುಕೊಂಡ ಮೇಲೆ ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ಸೊಸೆಯನ್ನು ನಾನು ನನ್ನ ಮನೆಯಲ್ಲಿ ಸಹಿಸುವುದಿಲ್ಲ. ಅಧಿಕಾರಿಗಳನ್ನು ಸಹಿಸಬೇಕಾಗಿ ಬಂದಿದೆ. ಕಾರಣವೇನೆಂದು ಕೇಳಿದರೆ, ಹುಡುಗಿಯರು ಶಾಲೆಗೆ ಬರುವುದಿಲ್ಲ, ಬಾಕುಗಳು ಖಾಲಿ, ಬನಹಟ್ಟಿ ಸಮೀಪ ಎಂದು ಉತ್ತರ. ನಮ್ಮ ಬಾಗಿಲಿಗೆ ಬೀಗ ಬಿದ್ದ ವಾರವೇ ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಗೆ ಕಂಚಿನ ಗಂಟೆ ಬಂತು, ಗಾಜಿನ ಕಿಟಕಿ ಬಂತು, ಹಿತ್ತಾಳೆಯ ಕಾಲಿನ ಮೇಲೆ ತಿರುಗುವ ಭೂಗೋಳವೂ ಬಂತು. ಉಳಿತಾಯದ ಲೆಕ್ಕದಲ್ಲಿ ಇಡೀ ಭೂಮಿಯನ್ನೇ ಬನಹಟ್ಟಿಗೆ ಕೊಟ್ಟುಬಿಟ್ಟಿರಿ!

ಇದು ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ. ಹೌದು, ಹೊಟ್ಟೆಕಿಚ್ಚೇ. ಕಿಚ್ಚಿಲ್ಲದ ಮನೆಯಲ್ಲಿ ಅಡಿಗೆಯಾಗುವುದಿಲ್ಲ. ಬನಹಟ್ಟಿಯ ಶಾಲೆಗೆ ಜಾಗ ಕೊಟ್ಟು, ಬಾಗಿಲ ಮೇಲೆ ಕಲ್ಲಿನಲ್ಲಿ ತನ್ನ ಹೆಸರು ಕೆತ್ತಿಸಿಕೊಂಡವಳು ಶೇವಂತಿ. ಜಮಖಂಡಿಯಲ್ಲಿ ಅವಳೂ ನಾನೂ ಒಂದೇ ಬಾಕಿನವರು. ಲೆಕ್ಕ ಬಿಡಿಸುವಾಗ ಅವಳ ಕಣ್ಣು ಯಾವ ಪಾಟಿಯ ಮೇಲೆ ಇರುತ್ತಿತ್ತು ಎಂಬುದನ್ನು ಅವಳೇ ಹೇಳಲಿ. ನನಗಿಂತ ಮೊದಲು ಶಾಲೆ ಬಿಟ್ಟಳು, ನನಗಿಂತ ದೊಡ್ಡ ಮನೆ ಸೇರಿದಳು. ಅವಳ ಮನೆಯಲ್ಲಿ ಎಣ್ಣೆಯ ಎಂಜಿನ್ನು ಮಗ್ಗ ಓಡಿಸುತ್ತದೆ. ನೂಲು ಸುತ್ತಲೂ ಯಂತ್ರವಿದೆ. ಅವಳ ಮೊಮ್ಮಕ್ಕಳು ಬೆಳಿಗ್ಗೆ ಎದ್ದು ಹೆರಳು ಹಾಕಿಸಿಕೊಂಡು ಶಾಲೆಗೆ ಹೋದರೆ ಮುಗಿಯಿತು. ನಮ್ಮದು ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯಬೇಕು. ನೇಯುವವನ ಲಾಳಿಗೆ ಕಂಡಿಕೆ, ಎಂದರೆ ನೂಲಿನ ಸಣ್ಣ ಉರುಳೆ, ಸುತ್ತಿ ಕೊಡುವವರು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವವರು ಮನೆಯ ಹುಡುಗಿಯರು. ಆ ಕೆಲಸಕ್ಕೆ ಸಣ್ಣ ಬೆರಳೇ ಬೇಕು. ಈ ಬೆರಳುಗಳಿಂದಲೇ ನಿಮ್ಮ ಬಾಕುಗಳು ಖಾಲಿಯಾದವು. ಅದು ಹೇಗೆಂದು ಕೇಳಿ.

ನೀವು ತಪಾಸಣೆಗೆ ಬರುತ್ತೀರೆಂಬ ಸುದ್ದಿ ಬಂದ ದಿನ ಓಣಿಯ ಹೆಂಗಸರೆಲ್ಲ ನನ್ನ ಪಡಸಾಲೆಯಲ್ಲಿ ಸೇರಿದರು. ಹಿಂದಿನ ವರ್ಷ ಬನಹಟ್ಟಿಯವರು ನಿಮಗೆ ಹಾರ ಹಾಕಿ ಪೇಢೆ ಕೊಟ್ಟಿದ್ದರಂತೆ. ನೇಕಾರರ ಊರಿಗೆ ದೊಡ್ಡವರು ಬಂದಾಗ ಪೇಢೆ ಕೊಟ್ಟು ಕಳಿಸುವುದೇ? ನಾನು ಅಪ್ಪಣೆ ಮಾಡಿದೆ: ಮನೆಗೊಂದು ಸೀರೆ, ಹರಿವಾಣ ತುಂಬಬೇಕು. ಆಮೇಲೆ ಕೇಳಬೇಕೇ! ಪಕ್ಕದ ಮನೆಯವಳ ದಡಿಗಿಂತ ನಮ್ಮ ದಡಿ ಅಗಲವಾಗಲಿ, ಎದುರು ಮನೆಯವಳ ಸೆರಗಿಗಿಂತ ನಮ್ಮ ಸೆರಗು ಕೆಂಪಾಗಲಿ ಎಂದು ಪ್ರತಿ ಮನೆಯಲ್ಲೂ ಹಟ. ಓಣಿಯ ಒಬ್ಬ ಹುಡುಗಿಯೂ ಮಗ್ಗದ ಬದಿಯಿಂದ ಏಳಲಿಲ್ಲ. ನೀವು ಬರುವ ಮುನ್ನಾದಿನ ನಮ್ಮ ಶಾಲೆಯ ನೀಲಕಂಠ ಮಾಸ್ತರರು ನಮ್ಮ ಬಾಗಿಲಿಗೆ ಬಂದು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

"ಗುರುಬಾಯಾರ, ನಾಳೆ ಸಾಹೇಬ್ರು ಬರತಾರ. ಹುಡುಗ್ಯಾರನ ಸಾಲಿಗೆ ಕಳಸ್ರಿ, ನಿಮ್ಮ ಕಾಲ ಬೀಳತೇನಿ."

"ಮಾಸ್ತರ, ಸಾಹೇಬ್ರು ಅಷ್ಟ ದೂರದಿಂದ ಹುಡುಗ್ಯಾರ ಮಾರಿ ನೋಡಾಕ ಬರತಾರೇನ್ರಿ? ನಾಳೆ ಹರಿವಾಣ ಖಾಲಿ ಹಿಡದ ನಿಂತ್ರ ಬನಹಟ್ಟಿಯವ್ರು ಹಲ್ಲ ಕಿಸದ ನಗತಾರ."

"ಬಾಕು ಖಾಲಿ ಇದ್ರ ಸರಕಾರ ನಗತೈತ್ರಿ, ಅವ್ವಾ."

"ಸರಕಾರಕ್ಕೂ ಒಂದು ಸೀರಿ ನೇಯ್ದ ಕೊಡೂಣು, ನಡೀರಿ."

ಮಾಸ್ತರರು ನಗಲಿಲ್ಲ. ಮರುದಿನ ಬೆಳಿಗ್ಗೆ ನೀವು ಶಾಲೆಗೆ ಹೋದಿರಿ. ಮಾಸ್ತರರು ಹಾಜರಿ ಪುಸ್ತಕ ಮುಂದೆ ಹಿಡಿದು, ಬೇರೆ ದಿನ ಹುಡುಗಿಯರು ತುಂಬಿರುತ್ತಾರೆ ಎಂದು ವಿನಂತಿಸಿಕೊಂಡರು. ನೀವು ಪುಸ್ತಕ ನೋಡಲಿಲ್ಲ, ಬಾಕು ನೋಡಿದಿರಿ. "ಈ ಖಾಲಿ ಬಾಕುಗಳಿಗೆ ಪಾಠ ಹೇಳಲು ಮಂಡಳಿ ಪಗಾರ ಕೊಡಬೇಕೇ?" ಎಂದಿರಂತೆ. ಮಧ್ಯಾಹ್ನ ನಮ್ಮ ಮನೆಯ ಸತ್ಕಾರಕ್ಕೆ ಬಂದಿರಿ. ಹೋಳಿಗೆ ಉಂಡಿರಿ. ಸೀರೆಗಳನ್ನು ಮುಟ್ಟಿ ನೋಡಿ, "ವಾಹವಾ, ರಬಕವಿಯ ಕೈ!" ಎಂದಿರಿ. ಮಾನ್ಯರೇ, ಹರಿವಾಣ ಹಿಡಿದು ನಿಮ್ಮೆದುರು ಸಾಲಾಗಿ ನಿಂತವರೇ ಆ ಖಾಲಿ ಬಾಕಿನ ಹುಡುಗಿಯರು. ನೀವು ಹರಿವಾಣ ನೋಡಿದಿರಿ. ಅದನ್ನು ಹಿಡಿದ ಕೈ ಯಾರದೆಂದು ನೋಡಲಿಲ್ಲ. ಬಣ್ಣ ಹತ್ತಿದ ಆ ಬೆರಳುಗಳನ್ನು ಕಂಡೂ, ಬೆಳಿಗ್ಗೆ ಶಾಲೆಯಲ್ಲಿ ಯಾಕೆ ಇರಲಿಲ್ಲ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಅಪ್ಪಣೆ ನನ್ನದು ಎಂದು ಹೇಳಲು ನಾನು ಯಾವತ್ತೂ ಹಿಂದೆ ಸರಿದವಳಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅರ್ಜಿ ಬರೆದು ಸುಮ್ಮನಾಗುತ್ತಿದ್ದೆ. ಬಹಿರಂಗವಾಗಿ ಬರೆಯಲು ಬೇರೆ ಕಾರಣವಿದೆ. ಎರಡು ಶಾಲೆ ಒಂದಾದ ಸಮಾರಂಭ ಬನಹಟ್ಟಿಯಲ್ಲಿ ನಡೆಯಿತು. ಕರೆ ಬಂದಿತ್ತು, ಹೋದೆ. ಹೋಗದಿದ್ದರೆ ಶೇವಂತಿ ನಾನು ಅಂಜಿದೆ ಎಂದುಕೊಂಡಾಳು. ವೇದಿಕೆಯ ಮೇಲೆ ನೀವು ಉಳಿತಾಯದ ಬಗ್ಗೆ ಬಹಳ ಹೊತ್ತು ಮಾತಾಡಿದಿರಿ. ಆಮೇಲೆ ಜಾಗ ಕೊಟ್ಟ ಮಹಾದಾನಿ ಎಂದು ಶೇವಂತಿಯನ್ನು ಕರೆದು ಮಂಡಳಿಯ ಪರವಾಗಿ ಒಂದು ಸೀರೆ ಕೊಟ್ಟು ಗೌರವಿಸಿದಿರಿ. ಅವಳು ಅದನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಇಡೀ ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈ ಮೇಲೇಳಲಿಲ್ಲ.

ಅದು ನನ್ನ ಮನೆಯ ಸೀರೆ. ನನ್ನ ಹಿರಿಯ ಮಗ ವಿಠೋಬಾ ನೇಯ್ದದ್ದು, ನನ್ನ ಮೊಮ್ಮಗಳು ಅನಸವ್ವ ಶಾಲೆ ಬಿಟ್ಟು ಕುಳಿತು ಸೆರಗು ಕೂಡಿಸಿದ್ದು. ಗುರುತು ಹೇಗೆ ಎನ್ನುತ್ತೀರಾ? ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಒಂದು ಪದ್ಧತಿ ಇದೆ. ಸೆರಗಿನಲ್ಲಿ ನೇಯುವ ತೆನೆ ಚಿತ್ತಾರಗಳ ಪೈಕಿ ಕಡೆಯದರ ಬುಡದಲ್ಲಿ ಒಂದೇ ಒಂದು ಹಸಿರು ಎಳೆ ಹಾಕುತ್ತೇವೆ. ಮೇಲಿನಿಂದ ಕಾಣುವುದಿಲ್ಲ, ಒಳಮಗ್ಗಲು ತಿರುವಿದರೆ ಕಾಣುತ್ತದೆ. ಶೇವಂತಿ ಹೆಗಲ ಮೇಲೆ ಹಾಕಿಕೊಳ್ಳುವಾಗ ಸೆರಗು ಮಗುಚಿತು. ನಾನು ಮುಂದಿನ ಸಾಲಿನಲ್ಲಿದ್ದೆ. ಉಳಿತಾಯ ಎಂದರೆ ಇದು, ಮಾನ್ಯರೇ! ಬಂದ ಉಡುಗೊರೆಯನ್ನೇ ಮಡಚಿ ಇನ್ನೊಬ್ಬರಿಗೆ ಕೊಡುವ ಚತುರತೆ ನಮ್ಮ ಸಾಹುಕಾರರಿಗೂ ಬರುವುದಿಲ್ಲ. ಯಾವ ಸೀರೆಗಾಗಿ ನಮ್ಮ ಬಾಕು ಖಾಲಿಯಾದವೋ, ಯಾವ ಖಾಲಿ ಬಾಕಿಗಾಗಿ ನಮ್ಮ ಶಾಲೆ ಮುಚ್ಚಿತೋ, ಆ ಶಾಲೆಯನ್ನು ನುಂಗಿದವಳ ಹೆಗಲ ಮೇಲೆಯೇ ಆ ಸೀರೆ!

ಸಭೆ ಮುಗಿದ ಮೇಲೆ ಅವಳೇ ನನ್ನ ಹತ್ತಿರ ಬಂದಳು.

"ಏನ ಗುರುಬಾಯಿ, ಮಾರಿ ಯಾಕ ಹಿಂಗ ಹುಳ್ಳಗ ಮಾಡ್ಕೊಂಡಿ? ಸೀರಿ ಛಲೋ ಐತೋ ಇಲ್ಲೋ, ನೇಯ್ಗಿ ಗೊತ್ತಿದ್ದಾಕಿ ನೀನ ಹೇಳ."

"ಛಲೋ ಐತಿ. ಎಲ್ಲಿದಂತ?"

"ಸಾಹೇಬ್ರು ಪುಣೆದಿಂದ ತರಿಸಿರಬೇಕು. ಇಂಥಾ ಸೆರಗ ನಿಮ್ಮ ಓಣ್ಯಾಗ ಎಲ್ಲಿ ಬೀಳತೈತಿ ಬೇ?"

"ಖರೆ," ಎಂದೆ. "ನಮ್ಮ ಓಣ್ಯಾಗ ಇನ್ನ ಬೀಳಂಗಿಲ್ಲ."

"ಸಿಟ್ಟಾಗಬ್ಯಾಡ. ನಿನ್ನ ಮೊಮ್ಮಗಳನ್ನ ನಮ್ಮ ಸಾಲಿಗೆ ಕಳಸು. ಮುಂದಿನ ಬಾಕಿನ ಮ್ಯಾಲ ಕುಂದರಸ್ತೇನಿ."

ಅಲ್ಲಿ ಅವಳಿಗೆ ಹಸಿರು ಎಳೆಯ ಮಾತು ಹೇಳಲಿಲ್ಲ. ನಾಲ್ಕು ಜನರ ಮುಂದೆ ಹೆಗಲ ಮೇಲಿನ ಸೀರೆಗೆ ಜಗಳ ತೆಗೆಯುವುದು ನನ್ನ ಮನೆತನಕ್ಕೆ ಒಪ್ಪುವ ಮಾತಲ್ಲ. ನಾಲ್ಕೂರ ಜನ ಓದುವ ಪತ್ರಿಕೆಯಲ್ಲಿ ಹೇಳಬಹುದು. ಶೇವಂತಿ, ಓದುತ್ತಿದ್ದರೆ ಸೆರಗು ತಿರುವಿ ನೋಡು.

ಬನಹಟ್ಟಿ ಸಮೀಪವಲ್ಲವೇ ಎಂದು ನೀವು ಮತ್ತೆ ಕೇಳುತ್ತೀರಿ. ಶಾಲೆ ಓಣಿಯಲ್ಲಿದ್ದರೆ, ಎಳೆ ಕಡಿದಾಗ ತಾಯಿ ಬಾಗಿಲಿಗೆ ಬಂದು ಕೂಗುತ್ತಾಳೆ, ಹುಡುಗಿ ಓಡಿ ಬಂದು ಎಳೆ ಕೂಡಿಸಿ ಮತ್ತೆ ಬಾಕಿಗೆ ಹೋಗುತ್ತಾಳೆ. ಮಾಸ್ತರರು ಅದಕ್ಕೆ ಒಗ್ಗಿದ್ದರು. ಶಾಲೆ ಬನಹಟ್ಟಿಯಲ್ಲಿದ್ದರೆ ತಾಯಿ ಎಲ್ಲಿಗೆ ಕೂಗಬೇಕು? ಹಾಗಾಗಿ ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ. ನೀವು ಎರಡು ಶಾಲೆಗಳನ್ನು ಕೂಡಿಸಿದೆವು ಎಂದು ವರದಿ ಬರೆದಿರಬಹುದು. ನಮ್ಮ ಓಣಿಯಿಂದ ಒಬ್ಬ ಹುಡುಗಿಯೂ ಅಲ್ಲಿಗೆ ಹೋಗಿಲ್ಲ. ನನ್ನ ಅನಸವ್ವ ಕಂಡಿಕೆ ಸುತ್ತುತ್ತ ನನ್ನನ್ನು ಕೇಳಿದಳು: "ಆಯಿ, ಭೂಮಿ ಗುಂಡಗ ಐತಂತ ಮಾಸ್ತರು ಹೇಳಿದ್ರು. ಅದನ್ನ ಬನಹಟ್ಟ್ಯಾಗ ಯಾಕ ಇಟ್ಟಾರ?" ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಬರೆದು ಕಳಿಸಿ.

ಇನ್ನು ನೀವು ಕೇಳಿದ ಸೂಚನೆಗಳು. ಮೊದಲನೆಯದು ನಿಮ್ಮ ಮೋಟಾರು. ಬನಹಟ್ಟಿಗೆ ಒಂದು ದಿನ ಬಂದಿರಿ, ರಬಕವಿಗೆ ಇನ್ನೊಂದು ದಿನ ಬಂದಿರಿ. ಜೊತೆಗೆ ಕಾರಕೂನ, ಜವಾನ, ಜವಾನನ ಹಾಸಿಗೆ. ನಮ್ಮ ಹುಡುಗಿಯರಿಗೆ ದಿನಾ ನಡೆಯಲು ಸಮೀಪವಾದ ಊರು ನಿಮಗೆ ಮಾತ್ರ ಮೋಟಾರಿಲ್ಲದೆ ದೂರವಾಯಿತೇ? ಒಮ್ಮೆ ಬಂದು ಎರಡೂ ಊರು ನೋಡಿ ಹೋಗಿ. ಶಾಲೆಯ ಹೊತ್ತನ್ನು ಮಗ್ಗದ ಹೊತ್ತು ನೋಡಿ ಇಡಿ. ಬೆಳಗಿನ ಕಂಡಿಕೆ ಮುಗಿದ ಮೇಲೆ ಗಂಟೆ ಬಾರಿಸಿದರೆ ಬಾಕು ತಾನಾಗಿಯೇ ತುಂಬುತ್ತದೆ, ಮಾಸ್ತರರ ಪಗಾರ ಗೋಡೆಗೆ ಹೋಗುವುದಿಲ್ಲ. ಸಂತೆಯ ಮುನ್ನಾದಿನ ಸೀರೆ ಮಗ್ಗದಿಂದ ಇಳಿಯಬೇಕು, ಆ ದಿನ ಯಾವ ಹುಡುಗಿಯೂ ಬರುವುದಿಲ್ಲ. ಅವತ್ತು ಶಾಲೆಗೆ ರಜೆ ಕೊಟ್ಟು ರವಿವಾರ ತೆರೆಯಿರಿ. ಅಮಾವಾಸ್ಯೆಗೆ ನಾವು ಮಗ್ಗ ಮುಟ್ಟುವುದಿಲ್ಲ, ಅವತ್ತು ಇಡೀ ದಿನ ಕಲಿಸಿ. ದೂರದಿಂದ ಸಾಗವಾನಿ ಬಾಕು ತರಿಸಬೇಡಿ, ನೆಲಕ್ಕೆ ಹಾಸುವ ಜಮಖಾನೆ ನಾವೇ ನೇಯ್ದು ಕೊಡುತ್ತೇವೆ. ಕಡೆಯದಾಗಿ, ಅಧಿಕಾರಿಗಳಿಗೆ ಹಾರ, ಹೋಳಿಗೆ, ಸೀರೆ ಕೊಡುವುದನ್ನು ನಿಷೇಧಿಸಿ ಒಂದು ಹುಕುಂ ಹೊರಡಿಸಿ. ನಮ್ಮಂಥ ಹುಚ್ಚು ಹೆಂಗಸರನ್ನು ತಡೆಯಲು ಬೇರೆ ದಾರಿ ಇಲ್ಲ.

ನನ್ನ ಬೇಡಿಕೆ ಇಷ್ಟೇ. ಶಾಲೆಯ ಜೊತೆಗೇ ಬನಹಟ್ಟಿಗೆ ಕರೆದೊಯ್ದ ನೀಲಕಂಠ ಮಾಸ್ತರರನ್ನು ರಬಕವಿಗೆ ಮರಳಿ ಕಳಿಸಿ. ಮತ್ತು ಆ ಭೂಗೋಳ ಆರು ತಿಂಗಳು ಬನಹಟ್ಟಿಯಲ್ಲಿರಲಿ, ಆರು ತಿಂಗಳು ನಮ್ಮಲ್ಲಿರಲಿ. ಕಟ್ಟಡಕ್ಕೆ ಬಾಡಿಗೆ ಎಲ್ಲಿಂದ ತರಲಿ ಎಂದು ನೀವು ಹೇಳುವಂತಿಲ್ಲ. ಆ ಕೆಲಸ ಮುಗಿದಿದೆ.

ಹೋದ ಸೋಮವಾರ ನನ್ನ ಪಡಸಾಲೆಯ ನಡುವಿನ ಮಗ್ಗವನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದೆ. ನಿಮ್ಮ ಹರಿವಾಣದ ಸೀರೆ ಹುಟ್ಟಿದ್ದು ಅದೇ ಮಗ್ಗದಲ್ಲಿ. ನೇಕಾರರ ಮನೆಯಲ್ಲಿ ಮಗ್ಗದ ಕುಣಿ ಮುಚ್ಚುವುದೆಂದರೆ ಒಲೆ ಕಿತ್ತು ಹಾಕಿದಂತೆ. ಒಮ್ಮೆ ಮಣ್ಣು ಬಿದ್ದ ಕುಣಿಯನ್ನು ನಾವು ಮತ್ತೆ ತೋಡುವುದಿಲ್ಲ. ವಿಠೋಬಾ ಮಣ್ಣಿನ ಬುಟ್ಟಿ ಹಿಡಿದು ನಿಂತುಬಿಟ್ಟ.

"ಅವ್ವಾ, ನಿನ್ನ ಅತ್ತಿ, ನಮ್ಮ ಆಯಿ ಕಾಲ ಇಳಬಿಟ್ಟ ಕುಂತ ಕುಣಿ ಇದು. ಇನ್ನೊಮ್ಮಿ ವಿಚಾರ ಮಾಡ."

"ಮಾಡೇನಿ. ಹಾಕು."

ಹಾಕಿದ. ನಾನೇ ತುಳಿದು ಗಟ್ಟಿ ಮಾಡಿದೆ, ಸೊಸೆಯರು ಸಗಣಿ ಸಾರಿಸಿದರು. ಈಗ ಅಲ್ಲಿ ಜಮಖಾನೆ ಹಾಸಿದೆ. ಬೆಳಗಿನ ಕಂಡಿಕೆ ಮುಗಿದ ಕೂಡಲೇ ಓಣಿಯ ಹುಡುಗಿಯರು ಬಂದು ಕೂರುತ್ತಾರೆ, ಮಾಸ್ತರರು ಬರುವ ತನಕ ನಾನೇ ಕಲಿಸುತ್ತೇನೆ. ಭೂಗೋಳ ಇಲ್ಲದ ಕಾರಣ ನೂಲಿನ ಉಂಡೆ ಹಿಡಿದು ಭೂಮಿ ತೋರಿಸಿದ್ದೇನೆ. ಅನಸವ್ವ ಅದರ ಮೇಲೆ ಮಸಿಯಿಂದ ಒಂದು ಚುಕ್ಕೆ ಇಟ್ಟು ಇದು ರಬಕವಿ ಎಂದಳು. ಬನಹಟ್ಟಿ ಎಲ್ಲಿ ಎಂದು ಇನ್ನೊಬ್ಬಳು ಕೇಳಿದಳು. ಉಂಡೆಯ ಆಚೆ ಮಗ್ಗಲಿಗೆ ಇಡು ಎಂದೆ.

ಶೇವಂತಿಗೆ ತಿಳಿಸಿ: ಆ ಸೀರೆಯನ್ನು ಜೋಪಾನವಾಗಿ ಉಡಲಿ. ಅದರ ಜೊತೆಯದು ಇನ್ನು ಹುಟ್ಟುವುದಿಲ್ಲ. ಅದು ಹುಟ್ಟಿದ ಜಾಗದ ಮೇಲೆ ನಮ್ಮ ಹುಡುಗಿಯರು ಕುಳಿತಿದ್ದಾರೆ.

ಇಂತಿ,
ನಿಮ್ಮ ಹರಿವಾಣ ತುಂಬಿಸಲು ಹೋಗಿ ತನ್ನೂರ ಶಾಲೆ ಬರಿದು ಮಾಡಿಕೊಂಡ,
ಈಗ ಐದೇ ಮಗ್ಗಗಳ ಮನೆಯ ಯಜಮಾನಿ,
ಗುರುಬಾಯಿ
ರಬಕವಿ