ಗುಗ್ಗುವನ್ನು ದೋಣಿಯಿಂದ ಇಳಿಸಿದ್ದು

ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ಆರು ವಾರವಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಕೆಲಸ ಜಾಸ್ತಿ ಇತ್ತು ಅನ್ನಬಹುದು, ಆದರೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಕಡಿಮೆ ಇದ್ದದ್ದು ಯಾವಾಗ? ಗಾಜು ಉಜ್ಜಿ ಉಜ್ಜಿ ಬೆರಳ ತುದಿ ಎಷ್ಟು ನಯವಾಗಿದೆಯೆಂದರೆ ನನ್ನ ಫೋನೇ ನನ್ನ ಗುರುತು ಹಿಡಿಯುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ದೂರು ಕಡಿಮೆಯಾಗಿಲ್ಲ. ನನ್ನ ಮಗಳಿಗೆ ಬಿದ್ದ ಎರಡು ಹಲ್ಲೂ ಬಂದವು, ಜೊತೆಗೆ ಎದುರುತ್ತರ ಕೊಡುವ ಬಾಯಿಯೂ ಬಂತು.

ಮೊದಲ ಸಾಲು ನೋಡಿ ಅಚ್ಚರಿಪಟ್ಟಿರುತ್ತೀಯ. ಇಷ್ಟು ವರ್ಷ ಬರೆಯುತ್ತಿದ್ದ ಹೆಸರನ್ನು ನಾನು ಇವತ್ತು ಬರೆದಿಲ್ಲ. ಯಾಕೆಂದು ಹೇಳುತ್ತೇನೆ.

ಹೊಸದಾಗಿ ಸೇರುವ ಲಿಫ್ಟ್ ಮೆಕ್ಯಾನಿಕ್‌ಗಳಿಗೆ ಪಾಠ ಮಾಡಲು ನಿನ್ನ ಕಂಪನಿಯವರು ಕರೆದಿದ್ದಾರೆ, ಒಪ್ಪಿಕೊಳ್ಳಲಾ ಅಂತ ಆ ಪತ್ರದಲ್ಲಿ ನೀನು ಕೇಳಿದ್ದೆ. ನಾನು ಅವತ್ತೇ ಫೋನ್ ಮಾಡಿ, "ಮೂವತ್ತು ಜನರ ಮುಂದೆ ನಿಂತು ಯಾಕೆ ಒದ್ದಾಡ್ತೀಯ? ರಿಪೇರಿ ಕೆಲಸ ಆರಾಮಾಗೇ ಇದೆಯಲ್ಲ" ಅಂದೆ. ನೀನು "ಹೂಂ ಅಕ್ಕ" ಅಂದು ಫೋನಿಟ್ಟೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ಮತ್ತೆ "ಹೂಂ ಅಕ್ಕ" ಅನ್ನುತ್ತೀಯ, ನಾನೂ ಅಷ್ಟಕ್ಕೇ ಬಿಟ್ಟುಬಿಡುತ್ತೇನೆ.

ಆಗಿದ್ದು ಇಷ್ಟು. ನಮ್ಮ ಅಂಗಡಿಯ ಹಿಂದಿನ ಬೀದಿಯ ಲೈಬ್ರರಿ ಮುಚ್ಚಿತು. ಅದೇ, ಮೀಸೆ ತಾತನ ಲೈಬ್ರರಿ. ತಾತನ ಮಗಳು ಕನ್ನಡಕ ತೆಗೆದುಕೊಳ್ಳಲು ಬಂದವಳು, "ಅಪ್ಪ ನಿಮಗೆ ಕೊಡು ಅಂದಿದ್ರು" ಅಂತ ಒಂದು ಕಟ್ಟು ಇಟ್ಟು ಹೋದಳು. ಬಿಚ್ಚಿ ನೋಡಿದರೆ 'ನಾಲ್ಕು ಹುಟ್ಟಿನ ದೋಣಿ', ಹನ್ನೊಂದೂ ಪುಸ್ತಕ! ಒಬ್ಬಳು ಪುಟ ತಿರುಗಿಸಿ ಇನ್ನೊಬ್ಬಳು ಹೂಂಗುಟ್ಟುತ್ತಾ, ಮಂಚದ ಮೇಲೆ ಬೋರಲು ಬಿದ್ದು ಓದಿದ ನಮ್ಮ ಮಂಗಾ, ದೋಣಿ ಪಂದ್ಯದ ಹುಡುಗಿಯರ ಜಪಾನಿ ಚಿತ್ರಕಥೆ. "ಮಂಗಾ ಓದಿ ಓದಿ ಎರಡೂ ಮಂಗಗಳೇ ಆಗಿವೆ" ಅಂತ ಅಮ್ಮ ಬೈಯುತ್ತಿದ್ದಳಲ್ಲ, ಅದೇ. ಬಲದಿಂದ ಎಡಕ್ಕೆ ಓದಬೇಕೆಂದು ಗೊತ್ತಿಲ್ಲದೆ ಮೊದಲ ಪುಸ್ತಕವನ್ನು ಕೊನೆಯಿಂದ ಶುರುಮಾಡಿ, ಯಾರು ಗೆದ್ದರೆಂದು ಮೊದಲೇ ತಿಳಿದು ನೀನು ಅತ್ತಿದ್ದೆ.

ಶನಿವಾರ ಮಧ್ಯಾಹ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದತೊಡಗಿದೆ. ನಿಜ ಹೇಳಲಾ? ನೀರಿನ ಚಿತ್ರ ಬರೆದಿರುವುದನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೂರನೇ ಪುಸ್ತಕದಲ್ಲಿ ಎರಡು ಪುಟ ತುಂಬ ಒಂದೂ ಮಾತಿಲ್ಲದೆ ಬರೀ ದೋಣಿ ಹೋಗುತ್ತದೆ, ಹುಟ್ಟಿನಿಂದ ತೊಟ್ಟಿಕ್ಕುವ ಹನಿ ಎಣಿಸಬಹುದು. ಉಳಿದದ್ದಕ್ಕೆ ನಗು ಬಂತು. ಕೋಚ್ ಮೂರು ಪುಟಕ್ಕೊಮ್ಮೆ ಕಣ್ಣೀರು ಹಾಕುತ್ತಾನೆ. ಹುಡುಗಿಯರು ನೀರಿಗೆ ಬಿದ್ದೆದ್ದರೂ ಕೂದಲು ಒದ್ದೆಯಾಗುವುದಿಲ್ಲ. "ಇವರ ಇಷ್ಟು ದೊಡ್ಡ ಕಣ್ಣಿಗೆ ನಿನ್ನ ಅಂಗಡೀಲಿ ಕನ್ನಡಕ ಸಿಗಲ್ಲ ಬಿಡಮ್ಮ" ಅಂದಳು ನನ್ನ ಮಗಳು.

ನಾಲ್ಕನೇ ಪುಸ್ತಕದಲ್ಲಿ ನನ್ನ ನಗು ನಿಂತಿತು. ನೆನಪಿದೆಯಲ್ಲ, ದೋಣಿಯ ಹಿಂಬದಿಯಲ್ಲಿ ಕೂತು "ಎಳಿ, ಬಿಡು" ಅಂತ ಕೂಗುವ ಐದನೆಯವಳು? ಉಗ್ಗುವವಳು. ನಮ್ಮ ಭಾಷೆಗೆ ಇಳಿಸಿದವರು ಅವಳಿಗೆ ಗುಗ್ಗು ಅಂತ ಹೆಸರಿಟ್ಟಿದ್ದರು. ಅವಳು "ಎ... ಎ... ಎ..." ಅನ್ನುವಷ್ಟರಲ್ಲಿ ದೋಣಿ ದಡಕ್ಕೆ ಬಡಿಯುವ ಐದು ಪುಟ. ಚಿಕ್ಕಂದಿನಲ್ಲಿ ಅವನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಒಂಬತ್ತನೇ ಪುಸ್ತಕದಲ್ಲಿ ಅವಳನ್ನು ಇಳಿಸಿ ಬೇರೆಯವಳನ್ನು ಕೂರಿಸುತ್ತಾರೆ. ಗುಗ್ಗು ಎಲ್ಲರ ಟವೆಲ್ ಒಗೆಯುತ್ತಾ ಸಂತೋಷದಿಂದ ನಗುತ್ತಾಳೆ. ಆಗ ಅದು ನನಗೆ ಒಳ್ಳೆಯ ಮುಕ್ತಾಯ ಅನ್ನಿಸಿತ್ತು.

ಮಗಳು ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, "ಅಮ್ಮ, ಗುಗ್ಗು ಇದ್ದಾಗ್ಲೇ ದೋಣಿ ಬೇಗ ಹೋಗಿತ್ತಲ್ವಾ?" ಅಂದಳು.

"ಎಲ್ಲಿದೆ ಹಾಗಂತ?"

ತೋರಿಸಿದಳು. ಎಂಟನೇ ಪುಸ್ತಕದ ಪಂದ್ಯದಲ್ಲಿ, ಚಿತ್ರದ ಮೂಲೆಯ ಗಡಿಯಾರದಲ್ಲಿ ಏಳು ನಿಮಿಷ ಹನ್ನೆರಡು ಸೆಕೆಂಡು. ಅವಳನ್ನು ಇಳಿಸಿದ ಮೇಲೆ ಗೆದ್ದ ಕೊನೆಯ ಪಂದ್ಯದಲ್ಲಿ ಏಳು ಹತ್ತೊಂಬತ್ತು. ಆ ಪುಟಗಳನ್ನು ನಾವು ನೂರು ಸಲ ನೋಡಿದ್ದೇವೆ ಕಣೇ.

"ಮತ್ಯಾಕೆ ಇಳಿಸಿದ್ರು?"

"ಉಗ್ಗ್ತಾಳಲ್ಲ, ಅದಕ್ಕೆ."

"ಉಗ್ಗಿದ್ರೂ ಬೇಗ ಹೋಯ್ತಲ್ಲ." ಪುಸ್ತಕ ಮುಚ್ಚಿ, "ಚಿಕ್ಕಮ್ಮನ್ನ ನೀವೆಲ್ಲ ಗುಗ್ಗು ಅಂತ ಕರೆಯೋದು ಇದಕ್ಕೇನಾ?" ಅಂತ ಕೇಳಿದಳು.

ಆ ಹೆಸರಿಟ್ಟವಳು ನಾನು. ನಿನಗೆ ಆಗ ಏಳು ವರ್ಷ. ಮನೆಯಲ್ಲಿ ಕರೆದೆ, ಶಾಲೆಯಲ್ಲಿ ಕರೆದೆ, ನಿನ್ನ ಮದುವೆಯ ದಿನ ಎಲ್ಲರೆದುರು ಕರೆದೆ. ನೀನು ನಗುತ್ತಿದ್ದೆ. ಆ ಪುಸ್ತಕದವಳೂ ಹಾಗೇ ನಗುತ್ತಾಳೆ.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, "ಇನ್ನು ಮೇಲೆ ಈ ಮನೇಲಿ ಯಾರೂ ಅವಳನ್ನ ಗುಗ್ಗು ಅನ್ಬಾರ್ದು."

"ಅಯ್ಯೋ, ಪ್ರೀತಿಗೆ ಕರೆಯೋದು ಕಣೇ. ಅವಳೇ ಏನೂ ಅಂದ್ಕೊಂಡಿಲ್ಲ, ನಿಂಗೇನು ಕಷ್ಟ?"

"ಅವಳು ಏನಂದ್ಕೊಂಡಳು ಅಂತ ನಾವು ಯಾವತ್ತಾದ್ರೂ ಕೇಳಿದೀವಾ?"

ಅಮ್ಮ ಪಾತ್ರೆಗಳನ್ನು ಜೋರಾಗಿಯೇ ಜೋಡಿಸಿಟ್ಟಳು. ಸಂಜೆ ಟೀ ಕೊಡುವಾಗ ಮಾತ್ರ, "ಮತ್ತೆ ಏನಂತ ಕರೀಲಿ? ಬಾಯಿ ತಪ್ಪಿದ್ರೆ ನೀನೇ ನೆನಪು ಮಾಡು" ಅಂದಳು. ಇವತ್ತು ಬೆಳಗ್ಗೆಯಿಂದ ಎರಡು ಸಲ ನೆನಪು ಮಾಡಿದ್ದೇನೆ. ಬೇಜಾರಾದರೂ ನಾನು ಬಿಡುವವಳಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಆ ಕೆಲಸ ಒಪ್ಪಿಕೋ. ಹದಿನಾಲ್ಕು ವರ್ಷ ಆ ಕಂಬಿ, ಹಗ್ಗಗಳ ನಡುವೆ ನಿಂತವಳು ನೀನು. ಯಾವ ಸ್ವಿಚ್ ಆರಿಸದೆ ಕೈ ಹಾಕಬಾರದು ಅಂತ ಹೊಸಬರಿಗೆ ನೀನು ಹೇಳಬೇಕು. ಆ ಒಂದು ಮಾತು ಬರಲು ಅರ್ಧ ನಿಮಿಷ ಹಿಡಿದರೆ ಹಿಡಿಯಲಿ, ಮೂವತ್ತು ಜನವೂ ಕಾಯಲಿ. ಕೈ ಉಳಿಸಿಕೊಳ್ಳಬೇಕಾದವರು ಅವರು ತಾನೆ? ಯಾರಾದರೂ ನಕ್ಕರೆ ನಗಲಿ. ನಿನಗೆ ಬೇಡ ಅನ್ನಿಸಿದರೆ ಬಿಡು, ಅದು ನಿನ್ನಿಷ್ಟ. ಆದರೆ ಅಕ್ಕ ಬೇಡ ಅಂದಳು ಅಂತ ಬಿಡಬೇಡ. ಒಪ್ಪಿಗೆ ತಿಳಿಸಲು ಈ ಶುಕ್ರವಾರ ಕೊನೆಯ ದಿನ ಅಂತ ನೀನು ಬರೆದಿದ್ದೆ, ಈ ಪತ್ರ ಮಂಗಳವಾರ ನಿನ್ನ ಕೈಗೆ ಸೇರುತ್ತದೆ. ವಿಚಾರ ಮಾಡಲು ಮೂರು ದಿನ ಸಾಕು.

ನಿನ್ನ ಗಂಡನಿಗೆ ನನ್ನ ನೆನಪು ತಿಳಿಸು. ಅಮ್ಮ ಹರಸಿದ್ದಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಬರೆಸಿದ್ದಾಳೆ. ನಿನಗೆ ಒಳ್ಳೆಯದಾಗಲಿ, ನೀನು ಹಿಡಿದ ಕೆಲಸ ಕೈಗೂಡಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಐದನೇ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕ ದಿನದ ಸ್ವಾಗತ ಭಾಷಣಕ್ಕೆ ನಿನ್ನ ಟೀಚರ್ ನಿನ್ನನ್ನೇ ಆರಿಸಿದ್ದರು. ನೀನು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಹತ್ತು ದಿನ ಅಭ್ಯಾಸ ಮಾಡಿದ್ದೆ. ಹಿಂದಿನ ದಿನ ಅವರು ನಿನ್ನ ಹೆಸರು ತೆಗೆದರು. ಶಾಲೆ ಬಿಡುವವರೆಗೂ ನೀನು ಆ ಟೀಚರ್ ಮುಖ ನೋಡಲಿಲ್ಲ. ಅವರ ತಪ್ಪೇನೂ ಇಲ್ಲ. ನಾನೇ ಸ್ಟಾಫ್ ರೂಮಿಗೆ ಹೋಗಿ, "ಅವಳಿಗೆ ಇಷ್ಟ ಇಲ್ಲ ಮಿಸ್, ನಿಮಗೆ ಹೇಳೋಕೆ ಹೆದರ್ತಾಳೆ" ಅಂದೆ. ನನ್ನ ಗೆಳತಿಯರು ನಗುತ್ತಾರೆ, ನನಗೆ ಅವಮಾನ ಆಗುತ್ತದೆ ಅಂತ. ಆ ಹತ್ತು ದಿನವೂ ನಾನು ಬಚ್ಚಲುಮನೆಯ ಬಾಗಿಲ ಹೊರಗೆ ನಿಂತು ಕೇಳಿದ್ದೆ. ಕೊನೆಯ ಮೂರು ದಿನ ನೀನು ಎಲ್ಲೂ ತಡವರಿಸಿರಲಿಲ್ಲ. ಅದು ಗೊತ್ತಿದ್ದೇ ಹೋಗಿ ಹೇಳಿದೆ.