ನೀನು ನಿಂತಾಗಲೆಲ್ಲ ಬಂದ ಫೋನು

ಪೆರುಂಗುಡಿ, ಚೆನ್ನೈ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಮಿಥುನ್,

ಒಂದು ಸಂಗತಿಯನ್ನು ಹೇಳದೆಯೇ ಈ ಕಾಗದ ಮುಗಿಸುವವಳಿದ್ದೆ. ಎರಡು ಸಲ ಹಾಗೆಯೇ ಬರೆದು, ಮಡಚಿ, ಹರಿದು ಹಾಕಿದೆ. ಆದ್ದರಿಂದ ಅದನ್ನೇ ಮೊದಲು ಬರೆದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ನೀನು ಊಟಕ್ಕೋ ಚಹಕ್ಕೋ ಲಾರಿ ನಿಲ್ಲಿಸಿದ ಹೊತ್ತಿಗೇ ಸರಿಯಾಗಿ ನನ್ನ ಫೋನ್ ಬರುತ್ತದಲ್ಲ, ನೀನು ಎಲ್ಲರ ಹತ್ತಿರ ಹೇಳಿಕೊಂಡು ಬರುವ ಹಾಗೆ ಅದು ಅಕ್ಕನ ಮನಸ್ಸಿಗೆ ತಿಳಿಯುವುದಲ್ಲ. ನನ್ನ ಕಚೇರಿಯ ಪರದೆಯ ಮೇಲೆ ನಿನ್ನ ಲಾರಿ ಒಂದು ಚುಕ್ಕಿ. ಓಡುವಾಗ ಹಸಿರು, ನಿಂತು ಇಪ್ಪತ್ತು ನಿಮಿಷವಾದರೆ ಕೆಂಪು. ಕೆಂಪಾದ ಕೂಡಲೇ ನಾನು ಫೋನ್ ಎತ್ತಿಕೊಳ್ಳುತ್ತಿದ್ದೆ. ಮೂರು ತಿಂಗಳಿಂದ ಹೀಗೆ.

ಲಾರಿ ಮಾಲೀಕರಿಗೆ ಅವರವರ ಗಾಡಿ ಎಲ್ಲಿದೆಯೆಂದು ತೋರಿಸಿಕೊಡುವುದು ನಮ್ಮ ಕಂಪೆನಿಯ ಕೆಲಸವೆಂದು ನಿನಗೆ ಗೊತ್ತು. ನಿನ್ನ ಮಾಲೀಕರೂ ನಮ್ಮ ಗಿರಾಕಿ ಎಂಬುದನ್ನು ಮಾತ್ರ ನಾನು ಹೇಳಿರಲಿಲ್ಲ. ಅವರ ಗಾಡಿಗಳು ನನ್ನ ವಿಭಾಗಕ್ಕೆ ಸೇರಿದವೂ ಅಲ್ಲ. ನೋಡಬಾರದಿತ್ತು, ನೋಡಿದೆ.

ದೀಪಾವಳಿಗೇ ಬರೆಯುತ್ತೇನೆ ಎಂದವಳು ಇಷ್ಟು ತಡಮಾಡಿದ್ದಕ್ಕೆ ಕ್ಷಮಿಸು. ಕನ್ನಡದಲ್ಲಿ ನನ್ನ ಕೈ ನಿಧಾನವೆಂದು ನಿನಗೆ ಗೊತ್ತೇ ಇದೆ. ಅಮ್ಮ ಅಡುಗೆಮನೆಯಲ್ಲಿ ಕೂರಿಸಿ ಕಲಿಸಿದಷ್ಟೇ ನನ್ನ ಕನ್ನಡ. ಇಂಗ್ಲಿಷಿನಲ್ಲಾದರೆ ಇದನ್ನೆಲ್ಲ ನಾಲ್ಕು ನಯವಾದ ವಾಕ್ಯಗಳಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದೆನೋ ಏನೋ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಭಾವ ಬೆಳಗಿನ ನಡಿಗೆಗೆಂದು ಹೊಸ ಶೂ ಕೊಂಡರು. ಈಗ ಮಳೆಯಲ್ಲಿ ಶೂ ಹಾಳಾದೀತೆಂದು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ನಡೆಯುತ್ತಿದ್ದಾರೆ. ಮಗಳು ವೀಕ್ಷಾ ನನಗಿಂತ ಎರಡು ಇಂಚು ಎತ್ತರವಾಗಿದ್ದಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ. ಹೋದ ವಾರ ಪ್ಯಾರೀಸ್ ಕಾರ್ನರಿಗೆ ಹೋಗಿದ್ದೆ. ಅಪ್ಪನ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಎದುರಿನ ಹೂವಿನವಳು ಗುರುತು ಹಿಡಿದು, "ತಂಬಿ ಎಂಗಮ್ಮಾ?" ಎಂದು ನಿನ್ನನ್ನು ವಿಚಾರಿಸಿದಳು. ಪುಣೆಯವರೆಗೆ ಲಾರಿ ಓಡಿಸುತ್ತಾನೆ ಎಂದೆ. "ಅಡೇಯಪ್ಪಾ! ತರಕಾರಿ ಟೆಂಪೋವನ್ನೇ ನನ್ನ ಹೂಬುಟ್ಟಿಗೆ ತಾಗಿಸಿದ ಹುಡುಗನಾ?" ಎಂದು ನಕ್ಕಳು. ಹೆಮ್ಮೆಯಿಂದ ಹೌದು ಎಂದೆ.

ಈಗ ಅಂದಾನಿಯವರ ಫೋನಿನ ವಿಷಯ. ಅವರು ನನಗೆ ಫೋನ್ ಮಾಡಿದ್ದು ನಿನಗೆ ಗೊತ್ತಿಲ್ಲ. ಅವರ ಮೇಲೆ ಸಿಟ್ಟಾಗಬೇಡ. ಹೋದ ಸೋಮವಾರ ಮಧ್ಯಾಹ್ನ, ನಾನು ಡಬ್ಬಿ ತೆರೆದು ಊಟಕ್ಕೆ ಕೂತಿದ್ದೆ.

"ಅಕ್ಕಾರ, ನಾ ಅಂದಾನಿ ಅಂತ. ನಿಮ್ಮ ತಮ್ಮನ ಹಿಂದಿನ ಗಾಡಿಯಾಂವ. ನಿಮ್ಮ ನಂಬರ ಅವನ ಕ್ಯಾಬಿನ್ನಿನ್ಯಾಗ ಅಂಟಿಸಿತ್ತು. ಗಾಬರಿ ಆಗಬ್ಯಾಡ್ರಿ, ಅಂವ ಅರಾಮ ಅದಾನ."

ಹೀಗೆ ಶುರುಮಾಡಿದರೆ ಯಾರಿಗೆ ಗಾಬರಿಯಾಗುವುದಿಲ್ಲ ಹೇಳು.

"ಮುಂಜಾನಿ ಏಳಕ್ಕ ಕೃಷ್ಣಗಿರಿ ಬಿಟ್ಟಾಂವ ಎಲ್ಲೂ ನಿಂದರಲಿಲ್ರಿ. ಹಾರ್ನ್ ಹೊಡದೆ, ಲೈಟ್ ಹಾಕಿದೆ, ಜಪ್ಪಯ್ಯ ಅಂದ್ರೂ ನಿಲ್ಲಸವಲ್ಲ. ಹಿರಿಯೂರ ದಾಟಿದ ಮ್ಯಾಲೆ ಗಾಡಿ ಸಾವಕಾಶ ಎಡಕ್ಕ ಹೊಂಟ್ತು. ನಿದ್ದಿ! ರಸ್ತೆ ಬದಿ ಕಂಬಿಗೆ ಉಜ್ಜಿಕೊಂಡು ನಿಂತತಿ. ಕನ್ನಡಿ ಹೋತು, ಬಾಗಲ ಜಜ್ಜೇತಿ. ಯಾರಿಗೂ ಏನೂ ಆಗಿಲ್ಲ."

ಯಾಕೆ ನಿಲ್ಲಿಸಲಿಲ್ಲವೆಂದು ನಿನಗೆ ಬೈದರಂತೆ. ನೀನು ಹೇಳಿದ್ದನ್ನು ಅವರು ನಿನ್ನ ಧಾಟಿಯಲ್ಲೇ ಹೇಳಿದರು: "ನಿಂತ್ರೆ ಅಕ್ಕನ ಫೋನ್ ಬರ್ತದೆ ಅಣ್ಣ. ಬಂದ್ರೆ ಚೆನ್ನಾಗಿದ್ದೇನೆ ಅಂತ ಹೇಳ್ಬೇಕು. ಇವತ್ತು ಹೇಳ್ಲಿಕ್ಕೆ ಆಗುದಿಲ್ಲ."

ಅವರು ಮುಂದುವರಿಸಿ, "ಅಲ್ರಿ ಅಕ್ಕಾರ, ಅಂವ ನಿಂತದ್ದು ನಿಮಗ ಅಷ್ಟ ಕರೆಕ್ಟ್ ಹೆಂಗ ಗೊತ್ತಾಕ್ಕೇತಿ? ಅಕ್ಕಗ ಮೈಮ್ಯಾಲೆ ದೇವರು ಬರ್ತಾನೇನೋ ಅನ್ನೂಹಂಗ ಹೇಳ್ತಾನಲ್ಲ ಇಂವ!" ಎಂದು ನಕ್ಕರು. ನಾನು ಮಾತು ಬದಲಿಸಿದೆ. ಸಂಜೆ ನೀನು ಫೋನ್ ಮಾಡಿದೆ. ರಿವರ್ಸ್ ತೆಗೆಯುವಾಗ ಕನ್ನಡಿ ಒಡೆಯಿತು ಎಂದೆ. ನಾನು "ಹೌದಾ, ಜಾಗ್ರತೆ ಮಾರಾಯ" ಎಂದೆ. ನಾವಿಬ್ಬರೂ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೇವೆ ನೋಡು.

ಆ ರಾತ್ರಿಯಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ, ನಿನ್ನ ಕಷ್ಟ ನನಗೆ ಗೊತ್ತಿರಲಿಲ್ಲವೇ ಎಂದು. ಗೊತ್ತಿತ್ತು. ಮೊದಲ ಟ್ರಿಪ್ಪಿನಲ್ಲಿ ಸ್ಟೀರಿಂಗನ್ನು ಅದೆಷ್ಟು ಬಿಗಿಯಾಗಿ ಹಿಡಿದಿದ್ದೆಯೆಂದರೆ ಎರಡು ದಿನ ತುತ್ತು ಎತ್ತಲಾಗಲಿಲ್ಲ ಎಂದಿದ್ದೆ. ಘಾಟಿ ಇಳಿಯುವ ಮೊದಲು ಏನೂ ತಿನ್ನುವುದಿಲ್ಲ, ತಿಂದದ್ದು ನಿಲ್ಲುವುದಿಲ್ಲ ಎಂದಿದ್ದೆ. ಪುಣೆಯ ಗೋದಾಮಿನ ಹೊರಗೆ ಎರಡು ದಿನ ಸರದಿ ಕಾಯುವುದು, ಆಮೇಲೆ ಆ ಎರಡು ದಿನವನ್ನೂ ರಸ್ತೆಯ ಮೇಲೆ ಹಿಂದಕ್ಕೆ ಕೊಡು ಎನ್ನುವ ಮಾಲೀಕರು. ಎಲ್ಲ ಹೇಳಿದ್ದೆ, ನಗುನಗುತ್ತಲೇ ಹೇಳಿದ್ದೆ.

ನಾನು ಮಾಡಿದ್ದೇನು? ಕಂಪೆನಿಯವರು ಚಾಲಕರಿಗಾಗಿ ಮನಸ್ಸಿನ ಒತ್ತಡ ನಿಭಾಯಿಸುವ ಬಗ್ಗೆ ಸಣ್ಣದೊಂದು ಆಡಿಯೋ ಮಾಡಿಸಿದಾಗ, ಕನ್ನಡದ ಧ್ವನಿ ನಾನೇ ಕೊಟ್ಟೆ. ಅದು ನಿನ್ನವರೆಗೂ ಬಂತು. "ಅಕ್ಕಾ, ಡ್ರೈವರ್ ಗ್ರೂಪಿನಲ್ಲಿ ನಿನ್ನ ಸ್ವರ ಮಾರಾಯ್ತಿ! ಮೂಗಿನಿಂದ ಉಸಿರು ಎಳೆದು ನಾಲ್ಕು ಎಣಿಸಿ ಅಂತೆ. ನಾವು ನಿಂತದ್ದು ಸಕ್ಕರೆ ಕಾರ್ಖಾನೆಯ ಮೋರಿ ಹತ್ರ. ಮೂಗಿನಿಂದ ಎಳೆದ್ರೆ ಎರಡಕ್ಕೇ ಕತೆ ಮುಗೀತದೆ" ಎಂದೆ. ಇಬ್ಬರೂ ಎಷ್ಟು ನಕ್ಕೆವು. ಮೂರು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ನಿಶ್ಚಿಂತೆಯಿಂದ ವಿಶ್ರಾಂತಿ ಪಡೆಯಿರಿ ಎಂದೂ ಅದರಲ್ಲಿ ಹೇಳಿದ್ದೇನೆ. ಹಾಗೆ ಹೇಳಿದ ಬಾಯಲ್ಲೇ ಇಪ್ಪತ್ತನೆಯ ನಿಮಿಷಕ್ಕೆ "ಊಟ ಆಯ್ತಾ? ಎಲ್ಲಿದ್ದೀ? ಇನ್ನೂ ಹೊರಟಿಲ್ವಾ?" ಎಂದು ಕೇಳುತ್ತಿದ್ದೆ. ನಿನಗಿದ್ದ ಒಂದೇ ಬಿಡುವಿನೊಳಗೆ ನಾನು ಬಂದು ಕೂತಿದ್ದೆ.

ಅಂದಾನಿಯವರು ಹೇಳಿದ ಒಂದು ಮಾತು ನಮ್ಮ ಆಡಿಯೋದಲ್ಲಿ ಇರಬೇಕಿತ್ತು. "ಹೊಸಾ ಡ್ರೈವರಗ ತ್ರಾಸು ರಸ್ತಾದ್ದಲ್ರಿ. ಕ್ಯಾಬಿನ್ನಿನ್ಯಾಗ ಇರೂದು ಎರಡ ಸೀಟು, ತಲಿಯಾಗ ಕುಂತಾವ್ರು ಹತ್ತ ಮಂದಿ. ಅವರನ್ನ ಇಳಿಸಬೇಕ." ಹೇಗೆ ಇಳಿಸುವುದೆಂದು ಕೇಳಿದೆ. ಗಾಡಿ ನಿಲ್ಲಿಸಿ, ಫೋನನ್ನು ಸೀಟಿನ ಮೇಲೆ ಬಿಟ್ಟು, ಕಬ್ಬಿಣದ ಸಲಾಕೆ ಹಿಡಿದು ಒಂದೊಂದೇ ಟೈರಿಗೆ ತಟ್ಟುತ್ತ ಬರುತ್ತಾರಂತೆ. ಗಾಳಿ ಸರಿಯಿದ್ದ ಟೈರಿಗೆ ಒಂದು ಸದ್ದು, ಇಳಿದದ್ದಕ್ಕೆ ಇನ್ನೊಂದು. ಸದ್ದಿಗೆ ಕಿವಿ ಕೊಟ್ಟು ಹನ್ನೆರಡೂ ಟೈರು ಮುಗಿಸುವಷ್ಟರಲ್ಲಿ ಎದೆಯ ಬಡಿತ ತಾನಾಗಿ ಇಳಿಯುತ್ತದಂತೆ. ಆಮೇಲೆ ಚಾಪೆ ಹಾಸಿ ಒಂದು ತಾಸು ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ. ಮೂವತ್ತು ವರ್ಷದಿಂದ ಹೀಗೆ ನಡೆಸಿಕೊಂಡು ಬಂದಿದ್ದಾರೆ. ಅವರ ಹತ್ತಿರ ಕಲಿತುಕೋ.

ಶುಕ್ರವಾರ ನಾನು ನಮ್ಮ ತಂಡದ ಮುಖ್ಯಸ್ಥ ಚರಣ್‌ಗೆ ನಡೆದದ್ದನ್ನು ಹೇಳಿ, ನಿನ್ನ ಮಾಲೀಕರ ಗಾಡಿಗಳು ನನ್ನ ಪರದೆಗೆ ಬಾರದಂತೆ ಮಾಡಿಸಿದೆ. ಅವನಿಗೆ ಇಪ್ಪತ್ತೊಂಬತ್ತು ವರ್ಷ. "ಮೇಡಂ, ನೀವಾ?" ಎಂದಷ್ಟೇ ಕೇಳಿದ. ಮುಂದಿನ ವಾರ ಬರವಣಿಗೆಯಲ್ಲಿ ವಿವರಣೆ ಕೊಡಬೇಕು, ಕೊಡುತ್ತೇನೆ. ನಿನ್ನೆ ಇಡೀ ದಿನ ನೀನು ಎಲ್ಲಿದ್ದೆಯೆಂದು ನನಗೆ ಗೊತ್ತಿರಲಿಲ್ಲ. ಹತ್ತು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಸಂಜೆ ನಾಲ್ಕಕ್ಕೆ, ಎಲ್ಲೋ ನಿಂತು ಮಲಗಿರಬಹುದು ಎಂದುಕೊಂಡೆ. ಹಾಗೆ ಅಂದುಕೊಂಡು ಸುಮ್ಮನಿರುವುದು ನನಗೂ ಹೊಸ ಕೆಲಸವೇ.

ಇನ್ನು ಮೇಲೆ ಫೋನ್ ಮಾಡುವುದು ನಿನ್ನ ಇಷ್ಟ. ಮಾಡಿದಾಗ ಚೆನ್ನಾಗಿದ್ದೇನೆ ಎನ್ನಲೇಬೇಕೆಂದೇನೂ ಇಲ್ಲ. ಬೈಯಬಹುದು, ಅಳಬಹುದು, ಏನೂ ಹೇಳದೆ ಟೈರಿಗೆ ತಟ್ಟುವ ಸದ್ದು ಕೇಳಿಸಿದರೂ ಸಾಕು. ಈ ಕಾಗದವನ್ನು ಹುಬ್ಬಳ್ಳಿಯ ಲಾರಿ ಬುಕಿಂಗ್ ಆಫೀಸಿನ ವಿಳಾಸಕ್ಕೆ ಕಳಿಸುತ್ತೇನೆ. ಹಾಗೆ ಮಾಡಲು ಹೇಳಿದ್ದೂ ಅಂದಾನಿಯವರೇ. ಓಡಿಸುವಾಗ ಓದಬೇಡ.

ನಿನ್ನ ಕೈ, ಕಣ್ಣು, ಹೆಗಲು ಗಟ್ಟಿಯಾಗಿರಲಿ. ದಾರಿಯಲ್ಲಿ ನೆರಳು ಸಿಗಲಿ, ನೆರಳು ಸಿಕ್ಕಲ್ಲಿ ನಿದ್ದೆ ಬರಲಿ. ಅಪ್ಪ ಅಮ್ಮ ಇದ್ದಿದ್ದರೆ ಇದನ್ನೇ ಹರಸುತ್ತಿದ್ದರು.

ನಿನ್ನ ಅಕ್ಕ,
ಪಾವನಾ

ತಾ.ಕ.: ಇಷ್ಟು ಬರೆದರೂ ಕಾಗದ ಮುಗಿದಿಲ್ಲ, ಮಿಥುನ್. ನಿನ್ನ ಮೂರನೆಯ ಟ್ರಿಪ್ ಮುಗಿದ ದಿನ ಬಂದರಿನ ಹತ್ತಿರದಿಂದ ಫೋನ್ ಮಾಡಿ, "ಅಕ್ಕ, ಒಂದು ವಾರ ನಿಮ್ಮಲ್ಲಿ ಬಂದು ಇರ್ಲಾ? ಗಾಡಿ ಹತ್ಲಿಕ್ಕೆ ಹೆದರಿಕೆ ಆಗ್ತಾ ಉಂಟು" ಎಂದಿದ್ದೆ. ವೀಕ್ಷಾಗೆ ಪರೀಕ್ಷೆ ಇದೆ, ಮುಗಿದ ಮೇಲೆ ಬಾ, ಮೊದಮೊದಲು ಎಲ್ಲರಿಗೂ ಹೀಗೇ ಎಂದೆ ನಾನು. "ಸೆರಿ ಸೆರಿ, ಮಗು ಓದ್ಲಿ" ಎಂದೆ ನೀನು. ಪರೀಕ್ಷೆ ಇರಲಿಲ್ಲ. ಒಂದು ವಾರಕ್ಕೆಂದು ಬಂದವನು ಮತ್ತೆ ಗಾಡಿ ಹತ್ತದೆ ಇಲ್ಲೇ ಉಳಿದುಬಿಟ್ಟರೆ ಎಂದು ಹೆದರಿದೆ. ಮೂವತ್ತಾರು ವರ್ಷದ ತಮ್ಮ ಮನೆಯಲ್ಲಿ ಕೂತಿದ್ದಾನೆ ಎಂದು ಜನರಿಗೆ ಹೇಗೆ ಹೇಳುವುದು ಎಂದು ಯೋಚಿಸಿದೆ. ಮಾರನೆಯ ದಿನದಿಂದ ಚುಕ್ಕಿ ನೋಡತೊಡಗಿದೆ. ಅದು ಓಡುತ್ತಿರುವಷ್ಟು ಹೊತ್ತು ನಾನು ತಪ್ಪು ಮಾಡಿಲ್ಲ ಎಂದುಕೊಳ್ಳಬಹುದಿತ್ತು.

ನಿನ್ನೆ ಇದನ್ನು ವೀಕ್ಷಾಗೆ ಹೇಳಿದೆ. "ಮಾಮಾವುಕ್ಕು ಅಪ್ಪವೇ ತೆರಿಯುಮ್ಮಾ" ಎಂದಳು, ಮಾಮನಿಗೆ ಆಗಲೇ ಗೊತ್ತು ಅಂತ. ಮರುದಿನ ಬೆಳಿಗ್ಗೆ ನೀನು ಅವಳಿಗೆ ಫೋನ್ ಮಾಡಿ ಆಲ್ ದಿ ಬೆಸ್ಟ್ ಹೇಳಿದೆಯಂತೆ. ಅವಳು, "ಎಂದ ಎಕ್ಸಾಮ್, ಮಾಮಾ?" ಎಂದಳಂತೆ, ಯಾವ ಪರೀಕ್ಷೆ ಅಂತ. ನೀನು, ಮುಂದೆ ಯಾವಾಗಲಾದರೂ ಬರುವ ಎಕ್ಸಾಮಿಗೆ ಎಂದು ನಕ್ಕೆಯಂತೆ. ಗೊತ್ತಿದ್ದೂ ಮೂರು ತಿಂಗಳು ನನ್ನ ಪ್ರತಿಯೊಂದು ಫೋನಿಗೂ "ಊಟ ಆಯ್ತಕ್ಕ" ಎಂದೆ. ಗೊತ್ತಿದ್ದೂ ನನ್ನ ಬಗ್ಗೆ ಎಲ್ಲರೆದುರು ಒಳ್ಳೆಯದನ್ನೇ ಹೇಳಿದೆ.

ಮಿಥುನ್, ಬಾ. ಒಂದು ವಾರವೋ, ಒಂದು ವರ್ಷವೋ. ಲಾರಿ ಬಿಟ್ಟು ಬಂದರೂ ಸರಿ, ಬಿಡದೆ ಬಂದರೂ ಸರಿ. ಇನ್ನೊಮ್ಮೆ ಓದಿದರೆ ಈ ಕೊನೆಯ ಹಾಳೆಯನ್ನು ತೆಗೆದಿಟ್ಟುಬಿಡುತ್ತೇನೆಂದು ನನಗೆ ಗೊತ್ತು. ಓದದೆ ಲಕೋಟೆ ಅಂಟಿಸುತ್ತಿದ್ದೇನೆ. ಅಂಚೆಗೆ ಹಾಕುವುದು ನಾಳೆ, ಸೋಮವಾರ, ನವೆಂಬರ್ ೧೭.