ನಿಮ್ಮ ಎಂಜಿನಿಯರರು ಕೈಯಲ್ಲಿ ಹಿಡಿದ ಹುಲ್ಲಿನ ಕುರಿತು

ಮಾನ್ಯ ವಿದ್ಯುತ್ ವಲಯಾಧಿಕಾರಿಗಳೇ,

ಕಳೆದ ವಾರ ತಾವು ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯನ್ನು ಓದಿದೆ. ಅದು ತಪ್ಪು. “ಸೊಯಿತ್ ಪುಸ್ ಗ್ರಾಮದಲ್ಲಿ ಜಿರಾಫೆಯೊಂದು ಆಕಸ್ಮಿಕವಾಗಿ ಮೃತಪಟ್ಟ ಹಿನ್ನೆಲೆಯಲ್ಲಿ ಸ್ಥಳಕ್ಕೆ ಭೇಟಿಯಿತ್ತ ನಮ್ಮ ಎಂಜಿನಿಯರರನ್ನು ನಿವಾಸಿಗಳು ಹುಲ್ಲಿನ ಗುಚ್ಛ ನೀಡಿ ಸ್ವಾಗತಿಸಿದರು ಮತ್ತು ಇಲಾಖೆಯ ಕ್ರಮಗಳ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು” ಎಂದು ಬರೆದಿದ್ದೀರಿ. ಜೊತೆಗೆ ಒಂದು ಛಾಯಾಚಿತ್ರ: ಎಂಜಿನಿಯರರು ಹಸಿರು ಹುಲ್ಲನ್ನು ಕೈಯಲ್ಲಿ ಹಿಡಿದು ನಗುತ್ತಿದ್ದಾರೆ. ಅವರ ಹಿಂದೆ ಸತ್ತ ಜಿರಾಫೆಯ ಕಾಲು ಕಾಣದಂತೆ ಚಿತ್ರವನ್ನು ಕತ್ತರಿಸಿದ ಕೈಗೆ ಪೂರ್ಣಾಂಕ ಸಲ್ಲಬೇಕು.

ಮೊದಲು ‘ಆಕಸ್ಮಿಕ’ವನ್ನು ನೋಡೋಣ. ಒಂದೇ ದಿಣ್ಣೆಯ ಮೇಲೆ, ಒಂದೇ ತಂತಿಗೆ, ಕಳೆದ ಬೇಸಿಗೆಯಲ್ಲಿ ಒಂದು ಗಂಡು, ಮಳೆಗೆ ಮೊದಲು ಇನ್ನೊಂದು, ಈಗ ಈ ಹೆಣ್ಣು. ಹೀಗೆ ಸರದಿಯಂತೆ ಬರುವುದನ್ನು ನಾನು ತರಗತಿಯಲ್ಲಿ ಆಕಸ್ಮಿಕವೆಂದು ಕಲಿಸಿದ್ದಿಲ್ಲ. ಯಾರೋ “ಜಾಲಿಯ ಕೊಂಬೆಗಳನ್ನು ತಂತಿಯ ಕೆಳಗೆ ಎಸೆದಿದ್ದರಿಂದ” ಪ್ರಾಣಿ ಅಲ್ಲಿಗೆ ಬಂತೆಂದೂ ಹೇಳಿದ್ದೀರಿ. ಆ ‘ಯಾರೋ’ ನಿಮ್ಮ ಲೈನ್‌ಮನ್‌ಗಳು. ತಂತಿಗೆ ತಾಗುವ ಮರಗಳನ್ನು ಸವರಿ, ಎಲೆ ತುಂಬಿದ ಕೊಂಬೆಗಳನ್ನು ತಂತಿಯ ನೇರ ಕೆಳಗೇ ರಾಶಿ ಹಾಕಿ ಹೊರಟವರು ಅವರು. ಹಸಿದ ಜಿರಾಫೆ ಮುಂಗಾಲುಗಳನ್ನು ಅಗಲಿಸಿ, ಕತ್ತು ಬಗ್ಗಿಸಿ ತಿಂದಿತು. ಬಗ್ಗಿರುವಷ್ಟು ಹೊತ್ತು ಅದಕ್ಕೆ ಯಾವ ತೊಂದರೆಯೂ ಆಗಲಿಲ್ಲ. ತಿಂದು ಮುಗಿಸಿ ತಲೆಯೆತ್ತಿತು. ನಿಮ್ಮ ಇಲಾಖೆಯ ಲೆಕ್ಕದಲ್ಲಿ ಅದರ ಅಪರಾಧ ಇಷ್ಟೇ ಇರಬೇಕು.

ಜಿರಾಫೆಗಳು ಬೇರೆ ದಾರಿ ಹಿಡಿಯಬಾರದೆ ಎಂದು ಕೇಳುವಿರಿ. ಹಿಡಿಯಲಿ, ದಾರಿ ಎಲ್ಲಿದೆ? ನಮ್ಮ ಬಯಲು ಎಲ್ಲರದಾಗಿದ್ದಾಗ ಅವು ಗುಡ್ಡದಿಂದ ಹೊಳೆಗೆ ಮನಬಂದಂತೆ ಇಳಿಯುತ್ತಿದ್ದವು. ಈಗ ಬಯಲನ್ನು ಹಂಚಿದ್ದಾರೆ. ಒಂದು ಕಡೆ ಹೂವು ಬೆಳೆದು ಪರದೇಶಕ್ಕೆ ಕಳಿಸುವ ಕಂಪನಿಯ ಎತ್ತರದ ಬೇಲಿ, ಇನ್ನೊಂದು ಕಡೆ ನಮ್ಮ ತುಂಡು ಜಮೀನುಗಳ ಬೇಲಿ. ನಡುವೆ ಬೇಲಿಯಿಲ್ಲದೆ ಉಳಿದಿರುವುದು ನಿಮ್ಮ ತಂತಿಯ ಕೆಳಗಿನ ಪಟ್ಟಿ ಒಂದೇ. ಅಲ್ಲಿ ಯಾರೂ ಬೇಲಿ ಹಾಕಬಾರದೆಂಬುದು ನಿಮ್ಮದೇ ನಿಯಮ. ನಾವು ಆ ನಿಯಮವನ್ನು ಪಾಲಿಸಿದ್ದೇವೆ, ಜಿರಾಫೆಗಳೂ ಪಾಲಿಸಿವೆ. ಆ ಪಟ್ಟಿ ಕರಿಬಂಡೆಯ ದಿಣ್ಣೆಯನ್ನು ಹತ್ತುವಲ್ಲಿ ನೆಲ ಮೇಲೇರುತ್ತದೆ, ಕಂಬಗಳು ಏರುವುದಿಲ್ಲ. ತಂತಿ ಜೋತುಬಿದ್ದಿದೆ. ದಾರಿಯೂ ಅದೇ, ಉರುಳೂ ಅದೇ.

ಇನ್ನು ಹುಲ್ಲಿನ ವಿಷಯ. ಅಂದು ದಿಣ್ಣೆಯ ಮೇಲೆ ನಾನೂ ಇದ್ದೆ. ನಮ್ಮ ಹಿರಿಯರಾದ ಕೊಯಿನೆಟ್ ನಿಮ್ಮ ಎಂಜಿನಿಯರರನ್ನು, ಕಂಬವನ್ನು ಎತ್ತರಿಸಲು ಸಾಧ್ಯವೇ ಎಂದು ಮರ್ಯಾದೆಯಿಂದಲೇ ಕೇಳಿದರು.

“ಲೈನು ನಿಯಮದ ಪ್ರಕಾರಾನೇ ಇದೆ ಅಜ್ಜಾ. ಮನುಷ್ಯರು, ದನ, ಲಾರಿ, ಎಲ್ಲಾ ಆರಾಮಾಗಿ ದಾಟ್ತಾವೆ.”

“ಇದು ದಾಟ್ಲಿಲ್ವಲ್ಲಪ್ಪಾ,” ಎಂದು ಕೊಯಿನೆಟ್ ಕೋಲಿನಿಂದ ತೋರಿಸಿದರು.

“ಪಾಪ, ಅದಕ್ಕೆ ನಿಯಮ ಓದೋಕೆ ಬರ್ತಿರ್ಲಿಲ್ಲ,” ಎಂದಳು ರೆಸಿಯಾಟೊ. ನಮ್ಮ ಕೊಳವೆಬಾವಿಯ ಪಂಪು ನೋಡಿಕೊಳ್ಳುವವಳು. ಅವಳ ನಾಲಿಗೆಗೆ ಕಡಿವಾಣ ಹಾಕಲು ಶಾಲೆಯಲ್ಲಿ ನನ್ನಿಂದಲೂ ಆಗಿರಲಿಲ್ಲ. “ನಮ್ಮ ಟೀಚರ್ ಹತ್ರ ನಾಲ್ಕು ದಿನ ಕಳಿಸಿದ್ರೆ ಬಗ್ಗಿಕೊಂಡೇ ನಡೆಯೋದು ಕಲೀತಿತ್ತು.”

ಜನ ನಕ್ಕರು. ಎಂಜಿನಿಯರರು ನಗಲಿಲ್ಲ.

“ನೋಡಮ್ಮಾ, ತಮಾಷೆ ಬೇಡ. ನೀವು ಹಿಂಗೆ ದೂರು ಕೊಡ್ತಾ ಹೋದ್ರೆ ಲೈನು ಅಪಾಯಕಾರಿ ಅಂತ ಬರೆದು ಕರೆಂಟ್ ತೆಗೀಬೇಕಾಗುತ್ತೆ. ಆಮೇಲೆ ನಿಮ್ಮ ಪಂಪು ಹೆಂಗೆ ಓಡುತ್ತೆ? ಜಿರಾಫೆ ಬೇಕಾ, ನೀರು ಬೇಕಾ? ನೀವೇ ಮಾತಾಡ್ಕೊಂಡು ಹೇಳಿ.”

ನಗು ಅಲ್ಲಿಗೇ ನಿಂತಿತು. ಅತ್ತ ದರಿ, ಇತ್ತ ಪುಲಿ ಎಂಬ ಮಾತನ್ನು ಮಕ್ಕಳಿಗೆ ಎಷ್ಟು ಸಲ ವಿವರಿಸಿದ್ದೇನೋ. ನಿಮ್ಮ ಎಂಜಿನಿಯರರು ಒಂದೇ ಪ್ರಶ್ನೆಯಲ್ಲಿ ಅದನ್ನು ನಮಗೆ ಮನವರಿಕೆ ಮಾಡಿಸಿದರು. ನಮ್ಮ ದನಗಳು, ಕರುಗಳು, ಮನೆಯ ಚಹಾದ ನೀರು, ಎಲ್ಲವೂ ಆ ಪಂಪಿನಿಂದ. ಆ ಪಂಪಿನ ಜೀವ ಆ ತಂತಿಯಲ್ಲಿ. ನಮ್ಮ ಜೀವವನ್ನೇ ಅಡವಿಟ್ಟುಕೊಂಡು ಇನ್ನೊಂದು ಜೀವದ ಸಾವಿಗೆ ನಮ್ಮಿಂದಲೇ ಒಪ್ಪಿಗೆ ಕೇಳುವುದು ಯಾವ ಸೀಮೆಯ ನ್ಯಾಯ, ಮಾನ್ಯರೇ? ಕಂಬವನ್ನು ಎತ್ತರಿಸಿದರೆ ಎರಡೂ ಉಳಿಯುತ್ತವೆಂಬ ಮೂರನೆಯ ಉತ್ತರವನ್ನು ಪ್ರಶ್ನೆಪತ್ರಿಕೆಯಿಂದ ತೆಗೆದುಹಾಕಿದವರು ಯಾರು?

ಆಗ, ನಮ್ಮಲ್ಲೆಲ್ಲ ಹಿರಿಯಳಾದ ನೊಲ್‌ಕಿಶು ಅಜ್ಜಿ ಎದ್ದಳು. ಬಯಲಿನಲ್ಲಿ ಹುಲ್ಲು ಒಣಗಿತ್ತು. ಕಂಬದ ಬುಡದಲ್ಲಿ, ಮುಳ್ಳುಕೊಂಬೆಗಳ ಮರೆಯಲ್ಲಿ ದನಗಳ ಬಾಯಿಗೆ ಸಿಗದೆ ಒಂದಿಷ್ಟು ಹಸಿರು ಉಳಿದಿತ್ತು. ಅದನ್ನು ಕಿತ್ತು ತಂದು ಎಂಜಿನಿಯರರ ಮುಂದೆ ಎರಡೂ ಕೈಯಲ್ಲಿ ಹಿಡಿದಳು.

“ತಗೋ ಮಗಾ.”

“ಅಯ್ಯೋ, ಥ್ಯಾಂಕ್ಸ್ ಅಜ್ಜಿ!” ಎಂದು ಅವರು ತೆಗೆದುಕೊಂಡರು. ಜೊತೆಗೆ ಬಂದವನ ಕಡೆ ತಿರುಗಿ, “ಒಂದು ಫೋಟೊ ತೆಗಿಯಪ್ಪಾ” ಎಂದರು.

ಕೊಯಿನೆಟ್ ಅಜ್ಜಿಯ ಕಿವಿಯ ಬಳಿ ಬಗ್ಗಿದರು. “ಏನು ಹಿಡ್ಕೊಂಡಿದೀನಿ ಅಂತ ಅವನಿಗೆ ಗೊತ್ತೇನೇ?”

“ಗೊತ್ತಿರೋದು ಬ್ಯಾಡ,” ಎಂದಳು ಅಜ್ಜಿ. “ಹಿಡ್ಕೊಂಡ್ನಲ್ಲ, ಸಾಕು.”

ನಾವು ಮಸಾಯಿಗಳು. ಅತಿಥಿಯನ್ನು ಹಾಲು ಕೊಟ್ಟು ಸ್ವಾಗತಿಸುತ್ತೇವೆ, ಹುಲ್ಲು ಕೊಟ್ಟಲ್ಲ. ಬಲಶಾಲಿಯ ಕೈ ಮೇಲೆದ್ದಾಗ ಬಲವಿಲ್ಲದವರು ಹುಲ್ಲು ಕಿತ್ತು ಹಿಡಿಯುತ್ತಾರೆ. ದನಗಳು ತಿನ್ನುವ, ಆ ದನಗಳಿಂದ ನಾವು ಬದುಕುವ ಹುಲ್ಲು ಅದು. ಅದನ್ನು ಕೈಗೆ ತೆಗೆದುಕೊಂಡವನು ಕೋಲು ಕೆಳಗಿಳಿಸಲೇಬೇಕು. ನಾನು ಶಿಸ್ತಿನ ಶಿಕ್ಷಕಿಯೆಂದು ಈ ಸೀಮೆಯಲ್ಲಿ ಹೆಸರಾದವಳು. ಒಮ್ಮೆ, ಪಾಠ ಒಪ್ಪಿಸದ ಹುಡುಗಿಯೊಬ್ಬಳಿಗೆ ಬೆತ್ತ ಎತ್ತಿದೆ. ಅವಳು ಬಾಗಿಲಾಚೆಗೆ ಓಡಿದಳು. ತಪ್ಪಿಸಿಕೊಂಡಳೆಂದುಕೊಂಡೆ. ಹಿಡಿಯಷ್ಟು ಹುಲ್ಲಿನೊಂದಿಗೆ ವಾಪಸು ಬಂದು ನನ್ನೆದುರು ನಿಂತಳು. ಇಡೀ ತರಗತಿ ನನ್ನನ್ನು ನೋಡುತ್ತಿತ್ತು. ನಾನು ಹುಲ್ಲು ತೆಗೆದುಕೊಂಡೆ, ಬೆತ್ತವನ್ನು ಮೇಜಿನ ಮೇಲಿಟ್ಟೆ. ಮರುದಿನ ಅವಳಿಂದ ಪಾಠ ಒಪ್ಪಿಸಿಕೊಂಡೆ, ಆ ಮಾತು ಬೇರೆ. ಆದರೆ ತೆಗೆದುಕೊಂಡ ಮೇಲೆ ಹೊಡೆಯುವಂತಿರಲಿಲ್ಲ. ಹೊಡೆದಿದ್ದರೆ ಮರುದಿನದಿಂದ ನನ್ನ ತರಗತಿಗೆ ಮಗುವನ್ನು ಕಳಿಸುವ ತಾಯಿ ಈ ಬಯಲಿನಲ್ಲಿ ಸಿಗುತ್ತಿರಲಿಲ್ಲ.

ಹುಲ್ಲನ್ನು ನಿರಾಕರಿಸುವ ಹಕ್ಕು ನಿಮ್ಮ ಎಂಜಿನಿಯರರಿಗಿತ್ತು. ಅವರು ನಿರಾಕರಿಸಲಿಲ್ಲ. ಕೈಯಲ್ಲಿ ಹಿಡಿದರು, ನಕ್ಕರು, ಚಿತ್ರ ತೆಗೆಸಿಕೊಂಡರು. ತಾವು ಅದನ್ನು ದೇಶಕ್ಕೆಲ್ಲ ಹಂಚಿದಿರಿ. ನಮ್ಮ ಪರವಾಗಿ ಇಷ್ಟು ಗಟ್ಟಿ ಸಾಕ್ಷ್ಯವನ್ನು ನಾವೇ ಹುಡುಕಿ ಹೊರಟಿದ್ದರೂ ಸಿಗುತ್ತಿರಲಿಲ್ಲ. ಅರ್ಥ ತಿಳಿದಿರಲಿಲ್ಲ ಎನ್ನುವಿರೇನು? ಪಾಠ ತಿಳಿಯದಿದ್ದುದು ತಪ್ಪಿಸಿಕೊಳ್ಳಲು ಕಾರಣವಲ್ಲವೆಂದು ತಮಗೂ ಯಾರೋ ಒಬ್ಬ ಶಿಕ್ಷಕಿ ಹೇಳಿಯೇ ಇರುತ್ತಾಳೆ.

ಸತ್ತ ತಾಯಿಯ ಮರಿ ಇನ್ನೂ ಅಲ್ಲೇ ಇದೆ. ಹಾಲು ಬಿಟ್ಟಿದೆ, ಆದರೆ ಆ ಪಟ್ಟಿಯನ್ನು ಬಿಟ್ಟಿಲ್ಲ. ಬಿಟ್ಟು ಹೋಗಲು ಬೇರೆ ನೆಲವಿಲ್ಲ. ಸಂಜೆಯಾದರೆ ದಿಣ್ಣೆ ದಾಟಿ ಹೊಳೆಗೆ ಇಳಿಯುತ್ತದೆ. ಇಂದಿನ ಮಟ್ಟಿಗೆ ತಂತಿ ಅದರ ಕಿವಿಗಿಂತ ಎಷ್ಟೋ ಮೇಲಿದೆ. ಆದರೆ ಮರಿ ಬೆಳೆಯುತ್ತಿದೆ, ಮಾನ್ಯರೇ. ಪ್ರತಿ ಜಾಲಿ ಎಲೆಗೂ ಒಂದಿಷ್ಟು ನಿಮ್ಮ ತಂತಿಯ ಹತ್ತಿರವಾಗುತ್ತಿದೆ.

ಆದ್ದರಿಂದ ಇದು ಮನವಿಯಲ್ಲ, ಕೊಟ್ಟ ಮಾತಿನ ನೆನಪು. ಕರಿಬಂಡೆ ದಿಣ್ಣೆಯ ಕಂಬಗಳನ್ನು, ಪೂರ್ಣ ಬೆಳೆದ ಜಿರಾಫೆ ತಲೆಯೆತ್ತಿ ದಾಟುವಷ್ಟು ಎತ್ತರಿಸಿ. ಮರಿ ಬೆಳೆದು ಮುಗಿಯುವ ಮೊದಲು ಎತ್ತರಿಸಿ. ಪಂಪಿನ ವಿದ್ಯುತ್ತನ್ನು ಮುಟ್ಟಬೇಡಿ. ಮುಟ್ಟಿದರೆ, ಹುಲ್ಲು ಹಿಡಿದ ಕೈಯೇ ಹೊಡೆಯಿತೆಂದು ಈ ಬಯಲು ತಲೆಮಾರುಗಳವರೆಗೆ ಹೇಳುತ್ತದೆ. ನಮ್ಮಲ್ಲಿ ಒಬ್ಬ ಮನುಷ್ಯನ ಬಗ್ಗೆ ಇದಕ್ಕಿಂತ ಕೆಟ್ಟ ಮಾತಿಲ್ಲ.

ಅವರು ಹುಲ್ಲು ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡವರು: ಕೊಟ್ಟವಳಾದ ನೊಲ್‌ಕಿಶು, ಹಿರಿಯರಾದ ಕೊಯಿನೆಟ್, ಪಂಪಿನ ರೆಸಿಯಾಟೊ, ಅವಳ ಅತ್ತೆ ನೊಂಕಿಪಾ, ದನಗಳನ್ನು ನಿಲ್ಲಿಸಿ ಬಂದ ಪರ್ಸಲೋಯ್ ಮತ್ತು ಅವನ ತಮ್ಮ ಲೆಮೈಯನ್, ಈ ಪತ್ರ ಬರೆದ ನಾನು, ಮತ್ತು ಬೇಲಿಯ ಪಕ್ಕ ಕಿವಿ ನಿಮಿರಿಸಿ ನಿಂತಿದ್ದ, ನಾವು ಇನ್ನೂ ಹೆಸರಿಡದ, ಆ ಮರಿ.

ಇಂತಿ,
ಎಳೆಯದೊಂದು ಬೇಗ ಬೆಳೆಯದಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಹಾರೈಸುತ್ತಿರುವ
ಸಿಯಾಮಾಂತೊ ಕಿಸೆಮೆಯ್
ನಿವೃತ್ತ ಮುಖ್ಯೋಪಾಧ್ಯಾಯಿನಿ, ಸೊಯಿತ್ ಪುಸ್